ಐದು ತುಂಬಿದ ಸಿದ್ದಿ

ತಲೆಗೆ ಎಣ್ಣೆ ಜಾಸ್ತಿ ಆಯ್ತೇನೋ, ನನ್ನ ಮಗಳು ಸಿದ್ದಿ ಹಣೆ ಮೇಲೆ ಇಳೀತೈತೆ, ಸೆರಗಿಂದ ಒರೆಸ್ತೀನಿ, ಒರೆಸಿದಷ್ಟೂ ಇಳೀತೈತೆ — ದುರ್ಗದ ಕೋರ್ಟಿನ ಬೇವಿನ ಮರದ ಕೆಳಗೆ ಎಲ್ಲರ ಬಾಯೂ ಆಡ್ತೈತೆ, ತೀರ್ಪು ಹೇಳಿ ಆಯ್ತಲ್ಲ, ಓಬಕ್ಕ, ಮಗೂಗೆ ಐದು ತುಂಬೈತೆ ಕಣಮ್ಮ, ಐದರ ತನಕ ತಾಯಿ ಹತ್ರ, ಆಮೇಲೆ ಅಪ್ಪಂದೇ ಹಕ್ಕು, ಕಾಯ್ದೆ ಹಂಗೈತೆ, ಅಂದ್ರು ನಮ್ಮ ವಕೀಲರು ಗಂಗಾಧರಪ್ಪ, ಕಾಯ್ದೆ ಹೆತ್ತಿತ್ತೇನ್ರಿ ಇವಳನ್ನ, ಸೂತಕ ಅಂತ ಆದಿವಾಲದ ಹಟ್ಟಿ ಹೊರಗೆ ಗುಡ್ಲಲ್ಲಿ ಒಬ್ಬಳೇ ಹೆತ್ತೆ, ಹೊಕ್ಕಳು ಕುಯ್ದಿದ್ದೂ ನಾನೇ, ಅಪ್ಪ ಅನ್ನಿಸ್ಕಂಡ ಜುಂಜಯ್ಯ ಬಸುರಿ ಹೆಂಡ್ತೀನ ತವರಿಗಟ್ಟಿ ಮಾಡದಕೆರೇಲಿ ಜಯಕ್ಕನಿಗೆ ತಾಳಿ ಕಟ್ತಿದ್ದ, ಹೆಣ್ಣು ಹುಟ್ಟೈತೆ ಅಂತ ಸುದ್ದಿ ಹೋದಾಗ ಇಟ್ಕಳ್ಳಲಿ ಬಿಡು ಅಂದನಂತೆ, ಇಟ್ಕಂಡೆ, ಹಿರೇರು ಕಟ್ಟೆ ಮೇಲೆ ಕುಂತು ನನ್ನ ತಾಳಿ ಬಿಚ್ಚಿಸಿ ಅವನ ಕೈಗೆ ಕೊಟ್ಟು ಬಿಡುಗಡೆ ಆಯ್ತವ್ವ ಅಂದ್ರು, ಆಮೇಲೆ ತಾನೆ ಚಿತ್ತಯ್ಯನ ಜೊತೆ ಕೂಡಿಕೆ ಮದುವೆ ಆಗಿದ್ದು, ಚಿತ್ತಯ್ಯ ಇವಳನ್ನ ಹೆಗಲಿಂದ ಇಳಿಸಿದ್ದೇ ಕಮ್ಮಿ, ಕೋರ್ಟಲ್ಲಿ ಅವರ ವಕೀಲ ಎದ್ದು ಪರಗಂಡಸಿನ ಜೊತೆ ಇದಾಳೆ ಸ್ವಾಮಿ ಅಂದ, ಪರಗಂಡಸು! ಅವನು ಇಬ್ಬರನ್ನ ಕಟ್ಕಂಡಿದ್ದು ಏನಾಯ್ತು, ಅದು ಬೇರೆ ಕೇಸಮ್ಮ, ಕಟ್ಟೆ ಮಾತಿಗೆ ಸಾಕ್ಷಿ ಎಲ್ಲೈತೆ, ಅಂದ್ರು ನಮ್ಮ ವಕೀಲರು, ಕಟ್ಟೆ ಮೇಲೆ ಕುಂತೋರು ಒಬ್ಬರೂ ಬರಲಿಲ್ಲ, ಪೊಲೀಸು ಕೋರ್ಟು ನಮಗ್ಯಾಕೆ ಅಂದ್ರು —

ಜುಂಜಯ್ಯನ ಮೇಲೆ ಸಿಟ್ಟೂ ಪೂರ್ತಿ ಬರಾಕಿಲ್ಲ, ಎಮರ್ಜೆನ್ಸೀಲಿ ಹೊಸದುರ್ಗದ ಸಂತೆಗೆ ಕುರಿ ಮಾರಾಕೆ ಹೋದೋನ್ನ ಜೀಪಿಗೆ ತುಂಬ್ಕಂಡು ಹೋಗಿ ಮಕ್ಕಳಾಗದಂಗೆ ಆಪರೇಷನ್ ಮಾಡಿ ಕಳಿಸಿದ್ರಂತೆ, ಒಂದೇ ಮಗು ಸ್ವಾಮಿ ಅಂತ ಕಾಲು ಹಿಡಿದನಂತೆ, ಕಿವಿಗೆ ಹಾಕ್ಕಳ್ಳಲಿಲ್ಲ, ಜಯಕ್ಕನ ಮಡಿಲು ಇನ್ನೂ ತುಂಬಿರಲಿಲ್ಲ, ಇನ್ನು ತುಂಬಾಂಗೂ ಇಲ್ಲ, ಅವಾಗ ನೆನಪಾದ್ಲು ಸಿದ್ದಿ, ಸರ್ಕಾರ ಅವನತ್ರ ಕಿತ್ಕಂಡಿದ್ದನ್ನ ನನ್ನತ್ರ ಕಿತ್ತು ಕೊಡ್ತೈತೆ, ಜಡ್ಜ್ ಸಾಹೇಬ್ರು ಒಳ್ಳೇರೇ, ಪುಟ್ಟಿ, ಯಾರ ಹತ್ರ ಇರ್ತೀಯಮ್ಮ ಅಂತ ಬಗ್ಗಿ ಕೇಳಿದ್ರು, ಕುರಿಮರಿ ಹತ್ರ ಅಂದ್ಲು, ಎಲ್ಲರೂ ನಕ್ಕರು, ನಗಬೇಡ್ರಿ, ಅದು ನಮ್ಮ ಹಟ್ಟಿ ಕುರಿಮರಿ, ಅದರ ಹತ್ರ ಅಂದ್ರೆ ನನ್ನ ಹತ್ರ ಅಂತ, ಅನ್ನಬೇಕು ಅಂದ್ಕಂಡೆ, ಅಷ್ಟರಲ್ಲಿ ಮುಂದಿನ ಕೇಸು ಕೂಗಿದ್ರು — ಬಂದ್ಲು ಜಯಕ್ಕ, ನನಗಿಂತ ಚಿಕ್ಕೋಳು, ಅಕ್ಕಾ, ನಾನು ಹೊಡೆಯಾಕಿಲ್ಲ, ನಿನ್ನಾಣೆ, ಅಂದ್ಲು, ಹಾಲು ಬಿಸಿ ಇದ್ರೆ ಕುಡಿಯಾಕಿಲ್ಲ ಕಣೆ ಇವಳು, ಆರಿಸಿ ಕೊಡು, ಗುಡುಗು ಬಂದ್ರೆ ಅಪ್ಕ, ಅಂದೆ, ಹ್ಞೂಂ ಅಕ್ಕ, ಆರಿಸಿ ಕೊಡ್ತೀನಿ, ಅಪ್ಕಂತೀನಿ, ಕೆಟ್ಟೋಳಾಗಿದ್ರೆ ಬೈದು ಹಗುರ ಆಗ್ತಿದ್ದೆ, ಜುಂಜಯ್ಯ ನೆಲ ನೋಡ್ತಾನೆ, ಹೊತ್ತಾಯ್ತು ಹೋಗಾಣ ಅಂತಾನೆ, ಬಸ್ ಸ್ಟ್ಯಾಂಡಿಗೆ ಬಂದ್ವಿ, ಚಿತ್ತಯ್ಯ ಗೋಡೆಗೆ ಮುಖ ಮಾಡಿ ನಿಂತವನೆ, ಅವ್ವ ನೀನೂ ಹತ್ತು, ಹತ್ತು ಅಂತಾಳೆ ಸಿದ್ದಿ ಬಸ್ಸೊಳಗಿಂದ, ನೀನು ಕುಂತ್ಕ ಮಗಾ, ಕಡ್ಲೆಪುರಿ ತಗಂಡು ಬತ್ತೀನಿ — ಅಂದೆನಲ್ಲ, ಬತ್ತೀನಿ ಅಂದೆನಲ್ಲ, ನಂಬಿ ಜಯಕ್ಕನ ತೊಡೆ ಮೇಲೆ ಮಲಗೇ ಬಿಟ್ಲು, ಕೋಳಿ ಕೂಗೋಕೆ ಮುಂಚೆ ಎಬ್ಬಿಸಿದ್ದೆ ಪಾಪ, ನಿದ್ದೆ ಬಂದೈತೆ, ಬಸ್ಸು ಗುರ್ ಅಂತೈತೆ, ಮುಖ ಕಾಣಾಕಿಲ್ಲ, ಕಿಟಕಿ ಕಂಬಿ ಸಂದೀಲಿ ಒಂದು ಅಂಗಾಲು, ಕೆಮ್ಮಣ್ಣು ಮೆತ್ತಿದ್ದು, ಹೊರಗೆ ಚಾಚೈತೆ, ಮುಟ್ಟಾಣ ಅಂದ್ರೆ ಎದ್ದು ಅಳ್ತಾಳೆ, ಬಸ್ಸು ತಿರುಗ್ತು, ಆ ಅಂಗಾಲು, ಜಯಕ್ಕ, ಒಳಗೆ ಎಳ್ಕಳೇ, ಕಂಬಿ ತಾಗ್ತೈತೆ, ಧೂಳೆದ್ದು ಬಸ್ಸೇ ಕಾಣ್ತಿಲ್ಲ, ಅಂಗಾಲು ಕಾಣ್ತೈತೆ, ಬಾರೇ ಓಬಿ ಅಂತಾನೆ ಚಿತ್ತಯ್ಯ, ಅಂಗಾಲು, ಬರ್ತೀನಿ ಇರು, ಅಂಗಾಲು —