ಚಂಪಾಳ ಸಂಕೋಚ

ಶೆಫೀಲ್ಡಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಹದಿನಾಲ್ಕು ವರ್ಷ ಸರ್ಜನ್ನರ ಕೈಗೆ ಕತ್ತರಿ, ಚಿಮುಟ ಕೊಡುತ್ತ ಬಂದ ನರ್ಸ್ ಚಂಪಾಳಿಗೆ ಒಂದೇ ಆಸೆ: ಕೊಟ್ಟದ್ದು ಸಾಕು, ಇನ್ನು ತಾನೂ ಕೈ ಹಚ್ಚಬೇಕು. ಗಾಯ ಅಗಲಿಸಿ ಹಿಡಿಯಬೇಕು, ಕೊನೆಯ ಹೊಲಿಗೆ ತಾನೇ ಹಾಕಬೇಕು. ಅದಕ್ಕೆ ಸರ್ಜಿಕಲ್ ಅಸಿಸ್ಟೆಂಟ್ ಕೋರ್ಸ್ ಮಾಡಬೇಕು. ನರ್ಸ್ ರಿಜಿಸ್ಟ್ರೇಷನ್ ಇತ್ತು, ಥಿಯೇಟರ್ ಅನುಭವ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಡಿಗ್ರಿ ಮಾತ್ರ ಇರಲಿಲ್ಲ. ಇದ್ದದ್ದು ದಾವಣಗೆರೆಯ ಡಿಪ್ಲೊಮಾ. ಅದನ್ನು ಒಪ್ಪುವುದು ಈ ವರ್ಷಕ್ಕೇ ಕೊನೆ ಎಂದು ಕೋರ್ಸ್ ನಡೆಸುವ ಕಾಲೇಜಿನವರು ಮೊದಲೇ ಹೇಳಿದ್ದರು. ಇನ್ನು ಉಳಿದದ್ದು, ತರಬೇತಿಯ ಹೊಣೆ ತನ್ನದೆಂದು ಒಬ್ಬ ಕನ್ಸಲ್ಟೆಂಟ್ ಸರ್ಜನ್ ಹಾಕಬೇಕಾದ ಸಹಿ.

ಅದಕ್ಕೆ ಡಾಕ್ಟರ್ ಪಂಚಾಕ್ಷರಿ ಇದ್ದರಲ್ಲ! ನಮ್ಮವರು, ದೊಡ್ಡವರು, ಯುಗಾದಿಗೆ ಮನೆಗೆ ಕರೆದು ಊಟ ಹಾಕುವವರು. ಮಾರ್ಚ್‌ನಲ್ಲಿ ಫಾರ್ಮ್ ಕೊಟ್ಟಾಗ, "ಅಯ್ಯೋ, ಅದಕ್ಕೇನಮ್ಮ, ಮಾಡ್ಕೊಡ್ತೀನಿ," ಎಂದು ಫೈಲಿನೊಳಗೆ ಇಟ್ಟುಕೊಂಡರು.

ಅಲ್ಲಿಗೆ ಚಂಪಾಳ ಬಾಯಿಗೆ ಬೀಗ ಬಿತ್ತು. ದೊಡ್ಡವರು ಒಮ್ಮೆ ಆಗಲಿ ಎಂದಮೇಲೆ ಮತ್ತೆ ಕೇಳಿದರೆ, ಅವರ ಮಾತನ್ನು ನಂಬದ ಹಾಗಲ್ಲವೇ? ವಾರಕ್ಕೆ ಮೂರು ದಿನ ಒಂದೇ ಟೇಬಲ್ಲಿಗೆ ಎದುರುಬದುರಾಗಿ ನಿಂತರೂ ಮಾಸ್ಕಿನ ಹಿಂದೆ ತುಟಿ ಬಿಚ್ಚಲಿಲ್ಲ. ಅದೇ ಕೋರ್ಸಿಗೆ ಹೊರಟಿದ್ದ ಜೊತೆಯ ನರ್ಸ್ ಹೆಲೆನ್ ತನ್ನ ಸರ್ಜನ್‌ಗೆ ನಾಲ್ಕು ಇಮೇಲ್ ಹಾಕಿ, ಕೊನೆಗೆ ಕಾಫಿ ರೂಮಿನಲ್ಲೇ ಹಿಡಿದು ಸಹಿ ಹಾಕಿಸಿಕೊಂಡಳು. ಎಂಥ ನಾಚಿಕೆಗೆಟ್ಟವಳಪ್ಪಾ ಎಂದುಕೊಂಡಳು ಚಂಪಾ. ನಾಚಿಕೆ ಬಿಟ್ಟವಳಿಗೆ ಸೀಟು ಸಿಕ್ಕಿತು.

ಒಂದು ಶುಕ್ರವಾರಕ್ಕೆ ಅರ್ಜಿಯ ಗಡುವೂ ಮುಗಿಯಿತು. ಸೋಮವಾರ ಪಂಚಾಕ್ಷರಿಯವರೇ ಫಾರ್ಮ್ ಹಿಡಿದು ಕಾರಿಡಾರಿನಲ್ಲಿ ದಡಬಡಿಸಿ ಬಂದರು.

"ಚಂಪಾ, ಮರ್ತೇ ಹೋಯ್ತಲ್ಲಮ್ಮ! ಒಂದ್ ಮಾತು ನೆನಪು ಮಾಡ್ಬಾರ್ದಿತ್ತಾ? ದಿನಾ ನನ್ನೆದುರೇ ಇರ್ತಿದ್ದೆ."

ಅವಳಿಗೆ ಅಳು ನುಗ್ಗಿ ಬಂತು. ಅವರ ಮೇಲೆ ಸಿಟ್ಟು ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬಂದದ್ದು ತನ್ನ ಮೇಲೆಯೇ.

"ಕೋರ್ಸ್ ನಡ್ಸೋರು ನಂಗೆ ಗೊತ್ತಿರೋರೇ. ತಪ್ಪು ನಂದು ಅಂತ ಈಗ್ಲೇ ಫೋನ್ ಮಾಡ್ಲಾ? ಮೂರೇ ದಿನ ತಡ, ಒಪ್ಕೊಂಡ್ರೂ ಒಪ್ಕೋಬಹುದು."

ಮಾಡಿ ಸರ್ ಎನ್ನಬೇಕಿತ್ತು. ಎರಡೇ ಪದ. ಆದರೆ ಅಷ್ಟು ದೊಡ್ಡ ಮನುಷ್ಯ ತನಗಾಗಿ ಇನ್ನೊಬ್ಬರ ಮುಂದೆ ತಪ್ಪೊಪ್ಪಿಕೊಳ್ಳುವುದೇ?

"ಬೇಡ ಸರ್, ನಿಮಗ್ಯಾಕೆ ತೊಂದರೆ," ಎಂದಳು.

"ಹಾಗಂತೀಯಾ?" ಎಂದ ಪಂಚಾಕ್ಷರಿಯವರು ನಿರಾಳವಾಗಿ ಮುಂದಿನ ಕೇಸಿಗೆ ಕೈ ತೊಳೆಯಲು ಹೋದರು. ಅವರಿಗೆ ಗ್ಲೌಸ್ ತೊಡಿಸಲು ಚಂಪಾಳೂ ಹಿಂದೆಯೇ ಹೋದಳು.