ಎಂಟು ಜೇಬಿನ ಮರಳಂಗಿ

ನಾನು ಮರಳು ತುಂಬಿದ ಒಂದು ಅಂಗಿ. ಹುಬ್ಬಳ್ಳಿಯಲ್ಲಿ ಲಾರಿ ಸೀಟು ಹೊಲಿಯುವ ದಾವಲಸಾಬರು ಉಳಿದ ತಾಡಪತ್ರಿಯಲ್ಲಿ ನನ್ನನ್ನು ಹೊಲಿದರು. ತೋಳಿಲ್ಲ, ಕಾಲರಿಲ್ಲ, ಇರುವುದು ಎಂಟು ಜೇಬು ಮಾತ್ರ. ಅವುಗಳಿಗೆ ನಾಲ್ಕು ಕಿಲೋ ಹೊಳೆಮರಳು ಬಿದ್ದಾಗ, ನನ್ನಷ್ಟು ತೂಕದ ಅಂಗಿ ಊರಲ್ಲೇ ಇಲ್ಲವೆಂದು ಜಂಬಪಟ್ಟಿದ್ದೆ.

ಭಾರ ಹೊತ್ತು ಹಾರಿ ಕಾಲು ಬಲಿಯಲೆಂದು ಹೊಲಿಸಿದವರು ವಾಲಿಬಾಲ್ ಕಲಿಸುವ ಈರಪ್ಪ ಮಾಸ್ತರು. ತೊಟ್ಟವಳು ಅವರ ಶಿಷ್ಯೆ ಕಸ್ತೂರಿ ಬಾರಕೇರ, ಗಿಡ್ಡ ಹುಡುಗಿ. ರಾಜ್ಯ ತಂಡಕ್ಕೆ ಆಯ್ಕೆಯಾಗಲು ಎಂಟೂವರೆ ಅಡಿ ಎತ್ತರದ ಗೆರೆಯನ್ನು ಹಾರಿ ಮುಟ್ಟಬೇಕಿತ್ತು. ಅವಳ ಕೈ ನಾಲ್ಕು ಬೆರಳು ಕೆಳಗೇ ಉಳಿಯುತ್ತಿತ್ತು. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಅದೇ ಕೊನೆಯ ವರ್ಷ.

ಮಾಸ್ತರ ಪದ್ಧತಿಯೇ ಬೇರೆ. ಅವಳು ನನ್ನನ್ನು ತೊಟ್ಟು ಹಾರುವಾಗ ಅವರು ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಹಾರಿದ್ದನ್ನು ನೋಡುತ್ತಿರಲಿಲ್ಲ, ಇಳಿದ ಸದ್ದನ್ನು ಕೇಳುತ್ತಿದ್ದರು.

“ಧಪ್ ಅಂತು. ಮೊಣಕಾಲು ಒಳಗ ವಾಲ್ಯಾವ. ಎದಿ ಎತ್ತು, ಮೊಣಕಾಲು ಮಡಚಿ ಇಳಿ. ಬೆಕ್ಕು ಇಳಿದಂಗ ಇರಬೇಕು.”

ಬೆನ್ನು ತಿರುಗಿಸಿ ಕೂತು ಮೊಣಕಾಲಿನ ತಪ್ಪು ಹಿಡಿಯುವ ಆ ಕಿವಿಗೆ ನಾನು ಬೆರಗಾಗಿದ್ದೆ.

ಕಸ್ತೂರಿಗೆ ಅವಸರ. ಅವಳಪ್ಪ ಕುಸ್ತಿ ಆಡಿದವರು. ಭಾರ ಹೆಚ್ಚಿದಷ್ಟೂ ಬಲ ಎಂದು ಕೇಳುತ್ತಲೇ ಬೆಳೆದಿದ್ದಳು. ಒಂದು ಮುಂಜಾನೆ ಮಾಸ್ತರು ಬರುವ ಮೊದಲೇ ನನ್ನ ಜೇಬುಗಳಿಗೆ ಕಬ್ಬಿಣದ ನಟ್ಟುಗಳನ್ನು ತುರುಕಿದಳು. ನನಗೂ ಖುಷಿಯಾಯಿತೆಂದು ನಾಚಿಕೆಯಿಂದ ಹೇಳುತ್ತೇನೆ. ಮೂರನೆಯ ಹಾರಿಕೆಗೆ ಮೊಣಕಾಲು ಹೊರಳಿ ಪಕ್ಕಕ್ಕೆ ಬಿದ್ದಳು. ಡಾಕ್ಟರು ಮೂರು ವಾರ ಹಾರಬೇಡ ಎಂದರು. ಆಯ್ಕೆಗೆ ಉಳಿದದ್ದು ಹತ್ತೇ ವಾರ.

ಮಾಸ್ತರು ಬೈಯಲಿಲ್ಲ. ಅವಳು ಮರಳಿ ಬಂದ ದಿನ ನನ್ನ ಎಂಟೂ ಜೇಬು ಬರಿದು ಮಾಡಿದರು.

“ಖಾಲಿ ಅಂಗಿ ಹಾಕ್ಕೊಂಡು ಕಲಿ. ಸರಿಯಾಗಿ ಇಳಿದ ದಿನಕ್ಕ ಒಂದು ಹಿಡಿ ಉಸುಕು.”

ಗೆಳತಿಯರು ನಕ್ಕರು. ನನ್ನ ಮಾನವೇ ಹೋದಂತಾಯಿತು. ಕಸ್ತೂರಿ ತುಟಿ ಕಚ್ಚಿಕೊಂಡು ಕುಳಿತು, ಎದ್ದು, ಹಾರಿದಳು. ಮುಂಗಾಲು ಊರಿ, ಆಮೇಲೆ ಹಿಮ್ಮಡಿ ತಾಗಿಸಿ, ಮೊಣಕಾಲನ್ನು ಬೆರಳುಗಳ ನೇರಕ್ಕೆ ಹಿಡಿದು ಇಳಿಯುವುದನ್ನು ಹೊಸದಾಗಿ ಕಲಿತಳು. ಹಿಡಿ ಹಿಡಿಯಾಗಿ ಮರಳು ಮರಳಿತು.

ಅವಳು ಮರಳಿ ಬಂದ ಆರನೆಯ ವಾರದ ಒಂದು ಸಂಜೆ ಅವಳು ಹಾರಿದಾಗ, ಮೇಲೆ ತುದಿಯಲ್ಲಿ ನನ್ನ ಮರಳೆಲ್ಲ ಜೇಬಿನ ತಳ ಬಿಟ್ಟು ಒಳಗೇ ತೇಲಿತು. ಒಂದು ಗಳಿಗೆ ನನಗೆ ತೂಕವೇ ಇರಲಿಲ್ಲ. ಅಂಥದ್ದೊಂದು ನನ್ನ ಬಾಳಿನಲ್ಲಿ ಇದೆಯೆಂದೇ ಗೊತ್ತಿರಲಿಲ್ಲ.

ಮಾಸ್ತರು ತಿರುಗಿ ನೋಡಿದರು. “ಯಾಕವ್ವ, ಹಾರಲಿಲ್ಲೇನು?”

“ಹಾರಿ ಇಳಿದೂ ಆತ್ರಿ ಸರ್.”

ಮಾಸ್ತರು ಕಣ್ಣು ಒರೆಸಿಕೊಂಡರು.

ಆಯ್ಕೆಯ ದಿನ ನನ್ನನ್ನು ಕಳಚಿ ಕಂಬಕ್ಕೆ ತೂಗುಹಾಕಿದರು. ಅವಳು ಹಾರುವುದನ್ನು ನಾನು ಹೊರಗಿನಿಂದ ಕಂಡದ್ದು ಅಂದೇ. ಸುಣ್ಣ ಮೆತ್ತಿದ ಅವಳ ಬೆರಳು ಗೆರೆಯಿಂದ ಎರಡು ಬೆರಳು ಮೇಲೆ ಗುರುತು ಬಿಟ್ಟಿತ್ತು. ಅಳೆಯುವವರು ಸ್ಟೂಲು ತರಿಸಿ ಎರಡು ಸಲ ಅಳೆದರು.

ಈಗ ನಾನು ಆಟದ ಸಾಮಾನಿನ ಕೋಣೆಯ ಮೂಲೆಯಲ್ಲಿದ್ದೇನೆ. ಇಲಿ ಕಡಿದ ಜೇಬಿನಿಂದ ಮರಳು ಸೋರುತ್ತಿದೆ. ಭಾರವಾಗಿರುವುದೇ ನನ್ನ ಕೆಲಸವಾಗಿತ್ತು, ಅದನ್ನು ನಿಯತ್ತಿನಿಂದ ಮಾಡಿದೆ. ಕೆಳಕ್ಕೆ ಜಗ್ಗುತ್ತಿದ್ದ ನನ್ನನ್ನೇ ಆ ಹುಡುಗಿ ಪ್ರತಿ ಸಲವೂ ತನ್ನ ಜೊತೆ ಮೇಲಕ್ಕೆ ಒಯ್ದಳು.