ಹೊಳೆವ್ವನ ಬೆರಳಿನ ಜೇನು

ಜೇನಿನ ಬಾಟಲಿಯನ್ನು ಉಡಿಯಲ್ಲಿ ಕಟ್ಟಿಕೊಂಡು ಹೊಳೆವ್ವ ಘೋಣಸಗಿಯಿಂದ ವಿಜಯಪುರಕ್ಕೆ ಹೊರಟಿದ್ದಳು. ಟಿಕೋಟಾದಲ್ಲಿ ಬಸ್ಸು ಕೆಟ್ಟು ನಿಂತು, ಬೇರೆ ಬಸ್ಸಿಗೆ ಕಾಯ್ದು, ಆಸ್ಪತ್ರೆ ಮುಟ್ಟುವಾಗ ಹೊತ್ತು ನೆತ್ತಿಗೇರಿತ್ತು. ಅವರ ಮನೆತನದಲ್ಲಿ ಹುಟ್ಟಿದ ಕೂಸಿನ ನಾಲಿಗೆಗೆ ಮೊದಲು ಜೇನು ಮುಟ್ಟಿಸುವುದು ಅವಳ ಬೆರಳೇ. ಯಾರು ನೆಕ್ಕಿಸುತ್ತಾರೋ ಅವರ ಗುಣ ಕೂಸಿಗೆ ಬರುತ್ತದೆಂದು ನಂಬಿಕೆ. ಹೊಳೆವ್ವನಷ್ಟು ತಾಳ್ಮೆಯವಳು ಊರಲ್ಲೇ ಇನ್ನೊಬ್ಬಳಿರಲಿಲ್ಲ.

ಬಾಗಿಲಲ್ಲಿ ಮೊಮ್ಮಗ ಯಲ್ಲಾಲಿಂಗ ಕಾವಲುಗಾರನ ಕೂಡ ಜಗಳಕ್ಕೆ ನಿಂತಿದ್ದ. ಅಜ್ಜಿಯ ಮೇಲೂ ಹರಿಹಾಯ್ದ.

"ಎಷ್ಟೊತ್ತಬೇ ಆಯಿ! ನಸಿಕಿನ್ಯಾಗ ಹುಟ್ಟೇತಿ ಕೂಸು. ಅತ್ತು ಅತ್ತು ದನಿ ಬಿದ್ದೈತಿ."

"ಹಾಲ ಕುಡಿಸಿಲ್ಲೇನೋ?"

"ನೀ ಬರದ ಹೆಂಗ ಕುಡಸೂದು?"

ಹೊಳೆವ್ವ ಅವನನ್ನು ಬದಿಗೆ ಸರಿಸಿದಳು. ದಡದಡ ಒಳಗೆ ನಡೆದಳು.

ಯಲ್ಲಾಲಿಂಗನ ಹೆಂಡತಿ ಸುಧಾರಾಣಿ, ಚೊಚ್ಚಲ ಬಾಣಂತಿ, ಮಂಚದ ಮೇಲೆ ಸೋತು ಕುಳಿತಿದ್ದಳು. ಕೂಸು ಅವಳ ಅತ್ತೆ ಮಾಳವ್ವನ ತೊಡೆಯ ಮೇಲಿತ್ತು. ಮಾಳವ್ವ ಹೊಳೆವ್ವನ ಸೊಸೆ. ಎದುರಿಗೆ ನರ್ಸಬಾಯಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಹಡದಾಕಿಗೆ ಹೇಳಿದೆ, ಅತ್ತಿನ ಕೇಳ್ರಿ ಅಂದ್ಳು. ಅತ್ತಿಗೆ ಹೇಳಿದೆ, ನಮ್ಮತ್ತಿ ಬರಲಿ ಅಂದ್ರು. ಈಗ ನೀವೂ ನಿಮ್ಮತ್ತಿನ ಕೇಳಬೇಕೇನ್ರಿ?"

"ನಮ್ಮತ್ತಿ ಮಣ್ಣಾಗಿ ಯಾವ ಕಾಲ ಆತು. ನನಗ ಹೇಳವ್ವ."

ಜೇನು, ಸಕ್ಕರೆ ನೀರು ಏನೂ ಬೇಡ, ಜೇನಿನಿಂದ ಎಳೆಗೂಸಿಗೆ ಬೇನೆ ಬಂದೀತು, ತಾಯಿಯ ಮೊದಲ ಹಳದಿ ಹಾಲೇ ಬೇಕು, ಇನ್ನು ತಡ ಮಾಡಬೇಡಿ ಎಂದಳು ನರ್ಸಬಾಯಿ.

"ಆ ಹಾಲು ಹೊಲಸೈತ್ರಿ, ಹಿಂಡಿ ಚೆಲ್ಲಬೇಕು," ಮಾಳವ್ವ ನಡುವೆ ಬಾಯಿ ಹಾಕಿದಳು.

"ಹಟ್ಟ್ಯಾಗ ಆಡು ಈದಾಗ ಗಿಣ್ಣದ ಹಾಲು ಮರಿಗೆ ಸಿಗಲಿಲ್ಲಂದ್ರ ಮಂದಿ ಮ್ಯಾಲೆ ಏರಿ ಹೋಗ್ತಿ," ಎಂದಳು ಹೊಳೆವ್ವ. " ಮೊಮ್ಮಗ ಆಡಿನ ಮರಿಗಿಂತ ಕಡಿಮಿ ಆದನೇನ?"

"ಅದು ಖರೇರಿ ಅತ್ತಿ. ಆದ್ರ ಜೇನ ನೆಕ್ಕಿಸದಿದ್ರ ನಿಮ್ಮ ಗುಣ ಹೆಂಗ ಬರತೈತ್ರಿ?"

ಹೊಳೆವ್ವನ ತಾಳ್ಮೆ ಅಲ್ಲಿಗೆ ಮುಗಿಯಿತು.

"ನಿನ್ನ ಮಗಗೂ ನಾನ ನೆಕ್ಕಿಸಿದ್ದೆ! ಕೇಳು, ಏನ ಗುಣ ಬಂದೈತಿ!"

ಯಲ್ಲಾಲಿಂಗನ ಬೈಗುಳ ಕಿಟಕಿಯಿಂದ ತೂರಿ ಬರುತ್ತಿತ್ತು. ಸುಧಾರಾಣಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಮಾಳವ್ವ ಮಾತ್ರ ಕೂಸನ್ನು ಬಿಡಲೊಲ್ಲಳು. ಎದೆಗೆ ಇನ್ನಷ್ಟು ಅವುಚಿಕೊಂಡಳು.

ಅದನ್ನು ಕಂಡ ಹೊಳೆವ್ವ ಸಾಬೂನು ಹಚ್ಚಿ ಕೈ ತೊಳೆದು ಬಂದಳು. ಸುಧಾರಾಣಿಯ ಮುಂದೆ ಬೆರಳು ಒಡ್ಡಿದಳು. "ಒಂದ ಹನಿ ಹಿಂಡವ್ವ."

ಆ ಹನಿಯನ್ನು ಕೂಸಿನ ತುಟಿಗೆ ಮುಟ್ಟಿಸಿದಳು. ಕೂಸು ಅಳು ನಿಲ್ಲಿಸಿ ಚಪ್ಪರಿಸಿತು.

"ಮುಟ್ಟಿಸಿದ್ನಿಲ್ಲ? ನನ್ನ ಬೆರಳ ಐತಿ. ಈಗ ಅದರವ್ವಗ ಕೊಡು."

ಮಾಳವ್ವ ಕೊಟ್ಟಳು. ನರ್ಸಬಾಯಿ ಕೂಸಿನ ತಲೆ ಹಿಡಿದು ಮೊಲೆಗೆ ಹಚ್ಚಿದಳು. ಎರಡು ಸಲ ಜಾರಿ, ಮೂರನೆಯದಕ್ಕೆ ಹಿಡಿಯಿತು.

"ಆ ಯಲ್ಲ್ಯಾನ್ನೂ ಕರದು ಪರದೆ ಆಚೆಗೆ ನಿಲ್ಲಸ್ರಿ," ಎಂದಳು ಹೊಳೆವ್ವ. "ಬಾಯಾರ, ಮೊದಲಿಂದ ಎಲ್ಲಾ ಹೇಳ್ರಿ, ಮನಿಮಂದಿ ಕೇಳುವಂಗ. ಹಡದಾಕಿ ಒಬ್ಬಾಕಿಗೆ ಹೇಳಿದ್ರ ನಮ್ಮ ಮನ್ಯಾಗ ನಡಿಯಂಗಿಲ್ಲ."

ಎಲ್ಲವನ್ನೂ ಕೇಳಿ ಮುಗಿದ ಮೇಲೆ ಪರದೆಯ ಆಚೆಯಿಂದ ಯಲ್ಲಾಲಿಂಗ ಕೇಳಿದ: "ಮತ್ತ ಆ ಜೇನ ಏನ ಮಾಡೂದಬೇ ಆಯಿ?"

"ನೀ ನೆಕ್ಕು," ಎಂದಳು ಹೊಳೆವ್ವ. "ಇನ್ನೊಂದ ಸಲ ನೋಡೂಣು, ಗುಣ ಬರತೈತೇನ."